ಹನ್ನೆರಡು ಹಲ್ಲಿನ ಪಟ್ಟಿ

"ಉಗುರು ತೋರಿಸಿ! ಕರ್ಚೀಫ್ ತೋರಿಸಿ!"

ಡ್ರಿಲ್ ಮುಗಿದಿತ್ತು. ಒಗಾತಾ ಮೇಷ್ಟ್ರು ಬೆಂಚುಗಳ ನಡುವೆ ಒಬ್ಬೊಬ್ಬರನ್ನೇ ನೋಡುತ್ತಾ ಬರುತ್ತಿದ್ದರು. ಆಲಾನ್ ಜೇಬಿಗೆ ಕೈಹಾಕಿ ಕರ್ಚೀಫು ಎಳೆದಳು. ಅದರ ಜೊತೆ ಒಂದು ಕಾಗದದ ಪಟ್ಟಿಯೂ ಹೊರಬಂದು ಬೆಂಚಿನ ಮೇಲೆ ಬಿತ್ತು.

ಬೆರಳುದ್ದದ ಪಟ್ಟಿ. ಒಂದು ಅಂಚಿಗೆ ಗರಗಸದ ಹಾಗೆ ಹಲ್ಲುಗಳು. ಆಲಾನ್ ಎಣಿಸಿದಳು. ಹನ್ನೆರಡು.

ಅಯ್ಯೋ, ಇದು ಇಲ್ಲಿದ್ದರೆ ಬೆಳಿಗ್ಗೆ ಬಾನ್ ಅಜ್ಜಿಯ ಔಷಧಿ ಸೀಸೆಗೆ ತಾನು ಅಂಟಿಸಿದ್ದು ಯಾವುದು?

ಆಲಾನ್‌ಳ ಅಪ್ಪ ಖೋ ಡಾಕ್ಟರು. ಸುತ್ತಲಿನ ಏಳೆಂಟು ಹಳ್ಳಿಗೆ ಅವರೊಬ್ಬರೇ ಡಾಕ್ಟರು. ಮನೆಯ ಮುಂದಿನ ಭಾಗ ದವಾಖಾನೆ, ಹಿಂದಿನ ಭಾಗದಲ್ಲಿ ಸಂಸಾರ. ಔಷಧಿ ಬೆರೆಸುವುದು ಅಮ್ಮ, ಸೀಸೆಗೆ ಗುರುತಿನ ಪಟ್ಟಿ ಅಂಟಿಸುವುದು ಆಲಾನ್. ಸೀಸೆಯಲ್ಲಿ ಆರು ಹೊತ್ತಿನ ಔಷಧಿ ಇದ್ದರೆ ಕಾಗದ ಮಡಚಿ ಆರು ಹಲ್ಲು ಕತ್ತರಿಸಬೇಕು. ಗಂಜಿ ಬಳಿದು ಸೀಸೆಯ ಪಕ್ಕಕ್ಕೆ ಮೆತ್ತಬೇಕು. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿದರಾಯಿತು. ಓದು ಬಾರದವರಿಗೂ ಲೆಕ್ಕ ತಪ್ಪುವುದಿಲ್ಲ.

ಇವತ್ತು ಬೆಳಿಗ್ಗೆ ಕೇಖಾ ಹಳ್ಳಿಯ ಬಾನ್ ಅಜ್ಜಿ ಮೊಮ್ಮಗ ಆಸುನ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಮೂರು ವರ್ಷದ ಮಗು, ನಾಲ್ಕು ದಿನದಿಂದ ಭೇದಿ. ಅಪ್ಪ ಮೊದಲ ಗುಟುಕನ್ನು ತಾವೇ ಚಮಚದಲ್ಲಿ ಕುಡಿಸಿದರು.

"ಇದ್ರಲ್ಲಿ ಅಫೀಮಿನ ಹನಿ ಇದೆ ಅಜ್ಜಿ. ಮಧ್ಯಾಹ್ನ ಕಾರ್ಖಾನೆ ಸಿಳ್ಳೆ ಹೊಡೆದಾಗ ಒಂದು ಹಲ್ಲು, ಸಂಜೆ ಸಿಳ್ಳೆಗೆ ಇನ್ನೊಂದು. ಅದಕ್ಕಿಂತ ಒಂದು ಹನೀನೂ ಹೆಚ್ಚು ಬೇಡ. ಹೆಚ್ಚಾದ್ರೆ ಮಗು ಮಲಗಿದ್ದು ಏಳೋದಿಲ್ಲ" ಎಂದು ಎಚ್ಚರಿಸಿದ್ದರು.

"ಆಲಾನ್, ಪುಟ್ಟ ಮಗೂದು, ಹನ್ನೆರಡು ಹಲ್ಲು!" ಎಂದು ಅಮ್ಮ ಕೂಗಿ ಹೇಳಿದ್ದಳು. ಆಲಾನ್ ಹನ್ನೆರಡೇ ಕತ್ತರಿಸಿದ್ದಳು, ಅದರಲ್ಲಿ ಸುಳ್ಳಿಲ್ಲ. ಅಷ್ಟರಲ್ಲಿ ಬೀದಿಯಿಂದ ಗೆಳತಿ ಸ್ಯೂ ಕೂಗಿದಳು. "ಬಾರೇ ಬೇಗ, ರಿಲೇ ಪ್ರಾಕ್ಟೀಸ್ ಶುರುವಾಯ್ತು!" ಆಲಾನ್‌ಗೆ ಕಾಲು ನಿಲ್ಲಲಿಲ್ಲ. ಕಿಟಕಿಯ ಮೇಲೆ ಆರು ಹಲ್ಲಿನ ಪಟ್ಟಿಗಳ ರಾಶಿ ಯಾವಾಗಲೂ ಇರುತ್ತಿತ್ತು. ಗಡಿಬಿಡಿಯಲ್ಲಿ ಅದರಿಂದಲೇ ಒಂದನ್ನು ಎಳೆದು ಅಂಟಿಸಿದ್ದಳು. ಕೈಯಲ್ಲಿದ್ದದ್ದು ಜೇಬು ಸೇರಿತ್ತು.

ಅಂದರೆ ಒಂದು ಹಲ್ಲಿಗೆ ಎರಡು ಪಾಲು ಔಷಧಿ.

ಗೋಡೆ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಸಕ್ಕರೆ ಕಾರ್ಖಾನೆಯ ಸಿಳ್ಳೆ ಹನ್ನೆರಡಕ್ಕೆ.

ಲೆಕ್ಕದ ಕ್ಲಾಸು ನಡೆದೇ ಇತ್ತು. ಆಲಾನ್‌ಗೆ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಪೆನ್ಸಿಲ್ ಕಚ್ಚಿದಳು, ಗಡಿಯಾರ ನೋಡಿದಳು, ಮತ್ತೆ ಕಚ್ಚಿದಳು.

"ಏನೇ ನಿಂಗೆ, ಇರುವೆ ಕಚ್ತಾ?" ಪಕ್ಕದಲ್ಲಿದ್ದ ಸ್ಯೂ ಪಿಸುಗುಟ್ಟಿದಳು.

ಮನೆಗೆ ಓಡಿಹೋಗಿ ಅಪ್ಪನಿಗೆ ಹೇಳಲೇ? ಅಬ್ಬಬ್ಬಾ! ಹೋದ ವರ್ಷ ಕಾಂಪೌಂಡರು ಎರಡು ಸೀಸೆ ಅದಲುಬದಲು ಮಾಡಿದಾಗ ಅಪ್ಪ ಏನು ಮಾಡಿದ್ದರು? ಬಾಗಿಲು ತೋರಿಸಿದ್ದರು, ಅಷ್ಟೇ. ಅವನು ಅಳುತ್ತಾ ಟ್ರಂಕು ಹೊತ್ತುಕೊಂಡು ಹೋದದ್ದು ಆಲಾನ್‌ಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಬೇಡಪ್ಪಾ. ತಾನೇ ಕೇಖಾಗೆ ಓಡುವುದು, ಪಟ್ಟಿ ಬದಲಾಯಿಸುವುದು, ಯಾರಿಗೂ ಗೊತ್ತಾಗಬಾರದು.

ಆದರೆ ಮೇಷ್ಟ್ರಿಗೆ ಏನು ಹೇಳುವುದು? ಊರು ತೈವಾನಿನದು, ಆಳುವವರು ಜಪಾನಿನವರು. ಶಾಲೆಯ ಗೇಟಿನೊಳಗೆ ಜಪಾನೀ ಮಾತೇ ಆಗಬೇಕು. ಮನೆಮಾತು ಬಾಯಿಂದ ಜಾರಿದರೆ ಕೊರಳಿಗೆ ಶಿಕ್ಷೆಯ ಮರದ ಬಿಲ್ಲೆ ಬೀಳುತ್ತದೆ. ಸೀಸೆ, ಪಟ್ಟಿ, ಹಲ್ಲು, ಅಫೀಮು ಎಂದೆಲ್ಲ ಜಪಾನಿಯಲ್ಲಿ ಹೇಳುವಷ್ಟು ಮಾತು ಅವಳಿಗೆ ಬರುತ್ತಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದು ದಾಟಿತು. ಹನ್ನೊಂದೂಕಾಲಾಯಿತು. ಇನ್ನು ತಡೆಯಲಾಗದೆ ಎದ್ದು ನಿಂತಳು. ತಡವರಿಸದೆ ಬರುತ್ತಿದ್ದ ಒಂದೇ ಒಂದು ವಾಕ್ಯ ಬಾಯಿಗೆ ಬಂತು.

"ಸಾರ್, ಹೊಟ್ಟೆ ನೋಯುತ್ತಿದೆ."

ಮೇಷ್ಟ್ರು ಅವಳ ಬಿಳುಚಿದ ಮುಖ ನೋಡಿದರು. "ಮನೆಗೆ ಹೋಗು" ಎಂದರು.

ಗೇಟು ದಾಟಿದ್ದೇ ತಡ, ಆಲಾನ್ ಮನೆಯ ಕಡೆಗೆ ಬೆನ್ನು ಹಾಕಿ ಓಡಿದಳು. ಊರಾಚೆ ಸಣ್ಣ ರೈಲು ಕಂಬಿಯ ಮೇಲೆ ತಳ್ಳುಗಾಡಿ ನಿಂತಿತ್ತು. ಹಲಗೆಯ ಗಾಡಿ, ಮೇಲೊಂದು ಬೆಂಚು. ಅದನ್ನು ಹಿಂದಿನಿಂದ ಕೈಯಲ್ಲೇ ತಳ್ಳಿಕೊಂಡು ಹೋಗುತ್ತಾರೆ. ತಳ್ಳುವ ಲೋ ಮಾಮ ನೆರಳಲ್ಲಿ ಕೂತು ಕಬ್ಬು ಅಗಿಯುತ್ತಿದ್ದ.

"ಏನಮ್ಮಾ ಡಾಕ್ಟ್ರ ಮಗಳೇ, ಸ್ಕೂಲ್ ತಪ್ಪಿಸಿ ಯಾರ ಮದುವೆ ಊಟಕ್ಕೆ ಹೊರಟೆ?"

"ಮಾಮಾ, ಕೇಖಾಗೆ! ಸಿಳ್ಳೆಗೆ ಮುಂಚೆ! ದಮ್ಮಯ್ಯ, ಬೇಗ!"

ಅವಳ ದನಿ ಕೇಳಿ ಲೋ ಮಾಮ ಕಬ್ಬು ಬಿಸಾಕಿ ಎದ್ದ. "ಹತ್ತು, ಗಟ್ಟಿಯಾಗಿ ಹಿಡ್ಕೋ."

ಗಾಡಿ ಗಡಗಡ ಓಡಿತು. ಎರಡೂ ಕಡೆ ಆಳೆತ್ತರದ ಕಬ್ಬು. ಆಲಾನ್ ಬೆಂಚಿನ ಮೇಲೆ ಕೂರಲಾರದೆ ನಿಂತೇ ಇದ್ದಳು. ಇಳಿಜಾರು ಕಳೆದು ತಿರುವಿಗೆ ಬಂದಾಗ ಎದುರಿನಿಂದ ಇನ್ನೊಂದು ಗಾಡಿ ಬಂತು. ಅದರ ತುಂಬ ಗೆಣಸಿನ ಮೂಟೆ.

"ಥತ್!" ಎಂದ ಲೋ ಮಾಮ. ಭಾರದ ಗಾಡಿಗೆ ಹಗುರದ ಗಾಡಿ ದಾರಿ ಬಿಡಬೇಕು, ಕಂಬಿಯಿಂದ ಎತ್ತಿ ಪಕ್ಕಕ್ಕಿಡಬೇಕು. ಅದೇ ಅಲ್ಲಿನ ಕಟ್ಟಳೆ. "ಇಳಿಯಮ್ಮ. ಒಂದೈದು ನಿಮಿಷ."

ಐದು ನಿಮಿಷವೇ! ಆಲಾನ್ ಕೆಳಗೆ ಹಾರಿ ಗದ್ದೆಯ ಬದುವಿನ ಮೇಲೆ ಓಡತೊಡಗಿದಳು. ರಿಲೇಯಲ್ಲಿ ಕೂಡ ಅವಳು ಹಾಗೆ ಓಡಿರಲಿಲ್ಲ. ಒಂದು ಸಲ ಜಾರಿ ಮೊಣಕಾಲಿನವರೆಗೆ ಕೆಸರಾಯಿತು.

ಕೇಖಾದ ಬಿದಿರುಮೆಳೆ ಕಂಡಿತು. ಆಗಲೇ ಕೂಗಿತು ಕಾರ್ಖಾನೆಯ ಸಿಳ್ಳೆ. ಊ... ಎಂದು ನಿಲ್ಲದೆ ಕೂಗಿತು.

"ಅಜ್ಜೀ! ಬೇಡ! ಕುಡಿಸ್ಬೇಡಿ!"

ಬಾನ್ ಅಜ್ಜಿ ಹೊಸಿಲ ಮೇಲೆ ಕೂತಿದ್ದಳು. ಆಸುನ್ ತೊಡೆಯ ಮೇಲಿದ್ದ. ಔಷಧಿಯ ಪುಟ್ಟ ಬಟ್ಟಲು ಅವನ ತುಟಿಯ ಹತ್ತಿರಕ್ಕೆ ಹೋಗಿತ್ತು. ಕೂಗಿಗೆ ಅಜ್ಜಿ ಬೆಚ್ಚಿದಳು, ಬಟ್ಟಲು ತುಳುಕಿತು.

"ಅಯ್ಯೋ ನನ್ನವ್ವಾ! ಏನಾಯ್ತೇ? ಇದೇನು ಕೆಸರು?"

"ಕುಡಿದ್ನಾ? ಒಂದು ಗುಟುಕಾದ್ರೂ ಕುಡಿದ್ನಾ?"

"ಇಲ್ಲ ಕಣೇ, ಈಗಿನ್ನೂ ಬಾಯಿ ತೆರೆಸ್ತಿದ್ದೆ. ಕಹಿ ಅಂತ ಹಠ ಅವನದು."

ಆಲಾನ್ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ಅಜ್ಜಿ ಸೀಸೆ ಎತ್ತಿ ತೋರಿಸಿದಳು. ಹಲ್ಲಿನ ತುದಿಗೆ ಸರಿಯಾಗಿ ಉಗುರಿಟ್ಟು ಹಿಡಿದಿದ್ದಳು.

"ನಾನು ಹೀಗೇ ಉಗುರಿಟ್ಟು ಬಗ್ಗಿಸ್ದೆ ತಾಯಿ. ಜಾಸ್ತಿ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಡಾಕ್ಟ್ರ ಮನೆ ಗುರುತು ಅಂದ್ಮೇಲೆ ನಾನ್ಯಾರು ಅನುಮಾನ ಪಡೋಕೆ?"

ಆಲಾನ್‌ಗೆ ಆ ಮಾತು ಏಟಿಗಿಂತ ಹೆಚ್ಚು ಚುರುಕ್ಕೆಂದಿತು. ಬಟ್ಟಲಿನ ಔಷಧಿಯನ್ನು ಸೀಸೆಗೆ ಮರಳಿ ಸುರಿದಳು. ತುಳುಕಿದ್ದು ಎರಡು ಹನಿ ಮಾತ್ರ. ಹಳೆಯ ಪಟ್ಟಿ ಕಿತ್ತು, ಅಜ್ಜಿಯ ಗಂಜಿಯಿಂದಲೇ ಜೇಬಿನಲ್ಲಿದ್ದ ಹನ್ನೆರಡು ಹಲ್ಲಿನದನ್ನು ಅಂಟಿಸಿದಳು. ಕೆಳಗಿನಿಂದ ಮೇಲಕ್ಕೆ ಎಣಿಸಿದಳು, ಮೇಲಿನಿಂದ ಕೆಳಕ್ಕೆ ಎಣಿಸಿದಳು. ಆಸುನ್ ಒಂದು ಹಲ್ಲಿನಷ್ಟು ಕುಡಿದು ಮುಖ ಕಿವುಚಿದ.

ಹೊರಡುವಾಗ ಅಜ್ಜಿ ಅವಳ ಕೈಗೆ ಬೇಯಿಸಿದ ಗೆಣಸು ತುರುಕಿ, "ಹೆದರ್ಬೇಡ. ನಿಮ್ಮಪ್ಪಂಗೆ ನಾನು ತುಟಿ ಪಿಟಕ್ ಅನ್ನಲ್ಲ" ಎಂದಳು.

ಸದ್ಯ, ಬಚಾವಾದೆ! ಹಾಗೆಂದುಕೊಂಡೇ ಆಲಾನ್ ಮನೆಗೆ ನಡೆದಳು. ಆದರೆ ಅರ್ಧ ದಾರಿಯಾದರೂ ಗೆಣಸನ್ನು ಬಾಯಿಗಿಡಲಿಲ್ಲ.

ಮನೆ ಸೇರಿದಾಗ ದವಾಖಾನೆಯಲ್ಲಿ ಒಬ್ಬ ಮುದುಕ ಸೀಸೆಗಾಗಿ ಕಾಯುತ್ತಿದ್ದ. "ಬಂದ್ಯಾ? ಒಳ್ಳೇದಾಯ್ತು. ಎಂಟು ಹಲ್ಲು ಕೊಡು" ಎಂದಳು ಅಮ್ಮ, ಗಡಿಯಾರ ನೋಡದೆ.

ಆಲಾನ್ ಕತ್ತರಿ ಎತ್ತಿಕೊಂಡಳು. ಕಾಗದ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಗಲಿಲ್ಲ. ಕತ್ತರಿ ಕೆಳಗಿಟ್ಟು ಅಪ್ಪನ ಕೋಣೆಗೆ ಹೋದಳು. ಮೊದಲು ಕಿತ್ತು ತಂದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎಲ್ಲ ಹೇಳಿದಳು. ಹೊಟ್ಟೆನೋವಿನ ಸುಳ್ಳನ್ನೂ ಬಿಡಲಿಲ್ಲ.

ಅಪ್ಪನ ಮುಖ ಕಪ್ಪಿಟ್ಟಿತು. "ಮಗು ಎಚ್ಚರವಾಗಿದ್ಯಾ? ನಿನ್ನ ಕಣ್ಣಾರೆ ನೋಡಿದ್ಯಾ?"

"ಹೂಂ ಅಪ್ಪಾ. ಹಠ ಮಾಡ್ತಿದ್ದ."

ಅಪ್ಪ ಕಾಯುತ್ತಿದ್ದವರನ್ನೆಲ್ಲ ನೋಡಿ ಮುಗಿಸಿದರು. ನಾಲ್ಕು ಗಂಟೆಗೆ ಕೋಟು ಹಾಕಿ, ಟೋಪಿ ಇಟ್ಟುಕೊಂಡು ಸೈಕಲ್ ಹೊರಗೆ ತೆಗೆದರು.

"ಹತ್ತು" ಎಂದರು.

ಇನ್ನೇನು, ಅಜ್ಜಿಯ ಮುಂದೆ ನಿಲ್ಲಿಸಿ ಬೈಯುತ್ತಾರೆ ಎಂದುಕೊಂಡಳು ಆಲಾನ್. ಬೈದರೆ ಬೈಯಲಿ. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಮುದುಡಿ ಕೂತಳು.

ಡಾಕ್ಟರು ತಾವಾಗಿಯೇ ಬಂದದ್ದು ಕಂಡು ಬಾನ್ ಅಜ್ಜಿ ಗಾಬರಿಯಾಗಿ ಸ್ಟೂಲು ಒರೆಸಿ ತಂದಳು. ಅಪ್ಪ ಕೂರಲಿಲ್ಲ. ಆಸುನ್‌ನ ನಾಡಿ ಹಿಡಿದು ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಆಮೇಲೆ ಅಂಗಳದ ನಡುವೆ, ಕೋಳಿಗಳ ಮಧ್ಯೆ ನಿಂತು ಟೋಪಿ ತೆಗೆದರು.

"ಬಾನ್ ಅಜ್ಜೀ, ನನ್ನಿಂದ ತಪ್ಪಾಯ್ತು. ಕ್ಷಮಿಸ್ಬೇಕು."

ಹಾಗೆಂದು ಸೊಂಟದವರೆಗೆ ಬಾಗಿದರು. ಊರಿನ ಪೊಲೀಸರೂ ಡಾಕ್ಟರೆಂದರೆ ಎದ್ದು ನಿಲ್ಲುತ್ತಿದ್ದರು. ಅಂಥ ಅಪ್ಪ ಇನ್ನೊಬ್ಬರಿಗೆ ಇಷ್ಟು ಬಾಗಿದ್ದನ್ನು ಆಲಾನ್ ಎಂದೂ ಕಂಡಿರಲಿಲ್ಲ.

"ಅಯ್ಯಯ್ಯೋ, ಏಳಿ ಡಾಕ್ಟ್ರೇ! ನಂಗೆ ಪಾಪ ಸುತ್ಕೊಳ್ಳುತ್ತೆ!" ಅಜ್ಜಿ ಕೈಕೈ ಹಿಸುಕಿಕೊಂಡಳು.

ಆಲಾನ್ ಕಾದಳು. 'ನನ್ನ ಮಗಳು' ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲೇ ಇಲ್ಲ. ಅಪ್ಪ ಇನ್ನೂ ಬಾಗಿಯೇ ಇದ್ದರು. ಆಲಾನ್ ಹೋಗಿ ಅವರ ಪಕ್ಕದಲ್ಲಿ ನಿಂತು ತಾನೂ ಬಾಗಿದಳು.

ಅಷ್ಟರಲ್ಲಿ ಸಂಜೆಯ ಸಿಳ್ಳೆ ಕೂಗಿತು. ಅಜ್ಜಿ ಸೀಸೆ ತಂದು ಬೆಳಕಿಗೆ ಹಿಡಿದಳು, ಹಲ್ಲಿನ ತುದಿಗೆ ಉಗುರಿಟ್ಟಳು. ಅಪ್ಪ, ಮಗಳು ಇಬ್ಬರೂ ಬಗ್ಗಿ ಆ ಉಗುರನ್ನೇ ನೋಡಿದರು.

ವಾಪಸು ಬರುವಾಗ ಕಬ್ಬಿನ ಗದ್ದೆ ದಾಟಿದ ಮೇಲೆ ಅಪ್ಪ ಕೇಳಿದರು.

"ನಾಳೆ ನಿನ್ನ ರಿಲೇ ಪ್ರಾಕ್ಟೀಸ್ ಎಷ್ಟು ಗಂಟೆಗೆ?"

"ಏಳಕ್ಕೆ."

"ಹಾಗಾದ್ರೆ ಐದೂವರೆಗೆ ಏಳು. ನೀನು ಪಟ್ಟಿ ಅಂಟಿಸೋ ಸೀಸೆ ತುಂಬಾ ಇವೆ."

ಆಲಾನ್ "ಹೂಂ" ಎಂದಳು. ಸೈಕಲ್ಲಿನ ಹ್ಯಾಂಡಲ್ ಹಿಡಿದಿದ್ದ ತನ್ನ ಎರಡು ಕೈಗಳನ್ನು ಮನೆ ಬರುವವರೆಗೂ ನೋಡುತ್ತಾ ಕೂತಳು.