ವೀಳ್ಯದ ಹೊತ್ತು

“ಅರ್ಜುನ, ಬಿಲ್ಲನ್ನು ಕೆಳಗಿಡುವುದಕ್ಕೆ ಇಷ್ಟು ದೂರ ರಥ ಓಡಿಸಬೇಕಿತ್ತೇ?” ಎಂದು ಪೆಟ್ಟಿಗೆ ಕೇಳಿತು.

ಧ್ವನಿ ಪರಮೇಶ್ವರ ಹೊಳ್ಳರದು. ಹೊಳ್ಳರು ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಎದುರು ಕುಳಿತ ತಿಮ್ಮಪ್ಪ ಗಟ್ಟಿಯವರ ಕಣ್ಣು ತುಂಬಿತು. ತಾಳಮದ್ದಳೆಯಲ್ಲಿ ಜೀವನವಿಡೀ ಹೊಳ್ಳರು ಕೃಷ್ಣ, ಗಟ್ಟಿಯವರು ಅರ್ಜುನ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ, ಕುಳಿತಲ್ಲೇ ಆ ಕ್ಷಣಕ್ಕೆ ಹೊಳೆದದ್ದನ್ನು ಆಡಬೇಕು; ಅದೇ ಅರ್ಥ ಹೇಳುವುದು. ಹೊಳ್ಳರು ಹೋದ ಮೇಲೆ ಗಟ್ಟಿಯವರಿಗೆ ಹೊಳೆಯುವುದೇ ನಿಂತುಹೋಯಿತು. ಬೇರೆ ಕೃಷ್ಣರ ಎದುರು ಕುಳಿತು ಅರ್ಧಕ್ಕೇ ಎದ್ದು ಬಂದರು. ಬರುವ ಶನಿವಾರದ ತಾಳಮದ್ದಳೆ ಕೂಟದಲ್ಲೂ ಬಾಯಿ ಕಟ್ಟಿದರೆ ಇನ್ನು ಅರ್ಥ ಹೇಳುವುದೇ ಇಲ್ಲವೆಂದು ನಿಶ್ಚಯಿಸಿ, ಕೊನೆಯ ಪ್ರಯತ್ನವೆಂದು ಈ ಪೆಟ್ಟಿಗೆಯ ಎದುರು ಬಂದು ಕುಳಿತಿದ್ದರು.

ಆ ಪೆಟ್ಟಿಗೆಯೇ ಮರುದನಿ ಯಂತ್ರ. ಹಳೆಯ ಯಂತ್ರಗಳು ಸತ್ತವರ ಮಾತನ್ನು ಗಿಳಿಯಂತೆ ಒಪ್ಪಿಸುತ್ತಿದ್ದವು. ಇದು ಹಾಗಲ್ಲ. ವ್ಯಕ್ತಿಯ ಧ್ವನಿಮುದ್ರಿಕೆಗಳನ್ನೆಲ್ಲ ಕೇಳಿ, ಅವನು ಯಾವ ಮಾತಿಗೆ ಹೇಗೆ ಎದುರಾಡುತ್ತಿದ್ದನೆಂಬ ಜಾಡು ಹಿಡಿದು, ಹೊಸ ಪ್ರಶ್ನೆಗೆ ಹೊಸ ಉತ್ತರವನ್ನೇ ಹೆಣೆಯುತ್ತಿತ್ತು. ಈ ಜಾಡಿಗೆ ಯಂತ್ರವನ್ನು ನಿರ್ಮಿಸಿದ ಡಾ. ಫ್ಲೇವಿಯಾ ಪಿಂಟೋ ‘ನುಡಿಜಾಡು’ ಎಂದು ಹೆಸರಿಟ್ಟಿದ್ದರು.

“ಕೃಷ್ಣ, ನೀನಿಲ್ಲದ ದಿನ ನಾನು ಯಾರನ್ನು ಕೇಳಲಿ?” ಎಂದರು ಗಟ್ಟಿಯವರು.

ಮಾತು ಮುಗಿಯುವಷ್ಟರಲ್ಲಿ ಉತ್ತರ ಬಂತು. ಸೊಗಸಾದ ಉತ್ತರ. ಗಟ್ಟಿಯವರು ತಡವರಿಸಿದರು; ಅದಕ್ಕೂ ಒಂದು ಉತ್ತರ ಬಂತು. ಉಸಿರೆಳೆದುಕೊಂಡರು, ಮತ್ತೊಂದು.

“ಸಾಕು ಡಾಕ್ಟ್ರೇ, ನಿಲ್ಲಿಸಿ. ಸ್ವರ ಅವರದ್ದೇ, ಮಾತೂ ಅವರದ್ದೇ. ಆದ್ರೆ ಎದುರು ಯಾರೂ ಇಲ್ಲದ ಹಾಗೆ ಆಗ್ತದೆ.”

“ಉತ್ತರದಲ್ಲಿ ತಪ್ಪುಂಟಾ?”

“ತಪ್ಪಿಲ್ಲ. ಯಾಕೆ ಹೀಗೆ ಅಂತ ನನಗೂ ಗೊತ್ತಾಗುದಿಲ್ಲ.”

ಪಿಂಟೋ ಮೂಲ ಮುದ್ರಿಕೆಗಳನ್ನು ತಾವೇ ಕೇಳಲು ಕುಳಿತರು. ಯಂತ್ರಕ್ಕೆ ಕಲಿಸುವಾಗ, ಮಾತಿಲ್ಲದ ಕಡೆ ಕಲಿಯುವುದೇನಿದೆ ಎಂದು ಮೌನಗಳನ್ನೆಲ್ಲ ಅವರೇ ಕತ್ತರಿಸಿ ತೆಗೆಸಿದ್ದರು. ಜಾಣತನ ಹೆಚ್ಚಾದರೆ ಹೀಗೇ. ಕೇಳುತ್ತಾ ಹೋದಂತೆ ಅವರಿಗೆ ಅನುಮಾನ ಬಂದು ಗಟ್ಟಿಯವರಿಗೆ ಫೋನ್ ಮಾಡಿದರು.

“ಹೊಳ್ಳರು ನಡುನಡುವೆ ಎಂತ ಮಾಡ್ತಿದ್ರು? ಸುಮಾರು ಹೊತ್ತು ಮಾತೇ ಇಲ್ಲ.”

ಗಟ್ಟಿಯವರು ನಕ್ಕರು. “ಅದು ಅವರ ಎಲೆಯಡಿಕೆ. ಕುರುಕ್ಷೇತ್ರದಲ್ಲಿ ಕೃಷ್ಣ ವೀಳ್ಯಕ್ಕೆ ಸುಣ್ಣ ಹಚ್ತಾ ಕೂತ್ರೆ ಹೇಗೆ ಮಾರಾಯ್ರೆ? ನಾನು ಎಷ್ಟು ತಮಾಷೆ ಮಾಡಿದ್ದೆ. ಅವರು ನಗಾಡ್ತಿದ್ರು, ಅಷ್ಟೇ.”

“ಯಾವಾಗ ಬೇಕಾದ್ರೆ ಆವಾಗ ಹಚ್ತಿರ್ಲಿಲ್ಲ ಅವರು. ನಿಮಗೆ ಮಾತು ಕಟ್ಟಿದಾಗ ಮಾತ್ರ. ನಿಮಗೆ ಮಾತು ಸಿಕ್ಕಿದ ಮೇಲೆಯೇ ಅವರು ಬಾಯಿ ತೆರೆಯುದು.”

ಗಟ್ಟಿಯವರು ಫೋನ್ ಇಟ್ಟರು.

ಮೌನಗಳನ್ನು ಮರಳಿ ಸೇರಿಸಿ ಯಂತ್ರಕ್ಕೆ ಹೊಸದಾಗಿ ಕಲಿಸಲಾಯಿತು. ಶುಕ್ರವಾರ ಗಟ್ಟಿಯವರು ಅದೇ ಪ್ರಶ್ನೆ ಕೇಳಿ, ಮುಂದಿನ ಮಾತು ಸಿಗದೆ ತಡವರಿಸಿದರು. ಪೆಟ್ಟಿಗೆ ಸುಮ್ಮನಿತ್ತು.

ಪಿಂಟೋ ಪರದೆ ನೋಡಿದರು. “ಉತ್ತರ ತಯಾರುಂಟು. ಹೇಳ್ತಾ ಇಲ್ಲ. ನಾನೇ ಓದಿ ಹೇಳ್ಲಾ?”

ಗಟ್ಟಿಯವರು ಬೇಡವೆಂದು ಕೈಯೆತ್ತಿದರು. ಎಷ್ಟೋ ಹೊತ್ತು ಕಣ್ಣೀರು ಸುರಿಯಿತು. ಆಮೇಲೆ ನಿಧಾನವಾಗಿ ಮಾತು ಬಂತು.

“ಯಾರನ್ನೂ ಕೇಳುವುದಿಲ್ಲ ಕೃಷ್ಣ. ರಥದಲ್ಲಿ ನಿನ್ನ ಜಾಗವನ್ನು ಖಾಲಿಯಾಗಿಯೇ ಇಡುತ್ತೇನೆ. ಕುದುರೆಗಳನ್ನು ನಾನೇ ಹಿಡಿಯುತ್ತೇನೆ. ದಾರಿ ತಪ್ಪಿದರೂ ಹಿಡಿಯುತ್ತೇನೆ.”

ಪರದೆಯಲ್ಲಿದ್ದ ಉತ್ತರವನ್ನು ಅವರು ಓದಲೂ ಇಲ್ಲ, ಕೇಳಲೂ ಇಲ್ಲ. ಪೆಟ್ಟಿಗೆಗೆ ಕೈಮುಗಿದು ಮನೆಗೆ ಹೋದರು.

ಶನಿವಾರದ ಕೂಟದಲ್ಲಿ ಕೃಷ್ಣನ ಅರ್ಥ ಹೇಳಲು ಕುಳಿತವರು ಯಶೋದಾ ಬಂಗೇರ. ಗಟ್ಟಿಯವರ ಎದುರು ಅದು ಅವರ ಮೊದಲ ಕೂಟ. ಅರ್ಜುನನ ಮಾತು ತಡೆಯಿಲ್ಲದೆ ಹರಿಯಿತು. ಆದರೆ ಕೃಷ್ಣನಿಗೆ ಬಾಯಿ ಕಟ್ಟಿತು. ಸಭೆ ಕೆಮ್ಮಿತು. ಭಾಗವತರು ತಾಳ ಎತ್ತಿಕೊಂಡರು; ಪದ ಹಾಡಿ ಮಾತನ್ನು ಮುಗಿಸಿಬಿಡುವ ಯೋಚನೆ.

ಗಟ್ಟಿಯವರು ಭಾಗವತರ ಮುಂದಿದ್ದ ಎಲೆಯಡಿಕೆಯ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು. ಆಯುಷ್ಯದಲ್ಲಿ ಒಮ್ಮೆಯೂ ವೀಳ್ಯ ಮೆದ್ದವರಲ್ಲ. ಎಲೆಯ ತೊಟ್ಟು ಮುರಿದು, ತೊಡೆಯ ಮೇಲೆ ಒರೆಸಿ, ನಾರು ತೆಗೆಯತೊಡಗಿದರು.

“ಹೋ, ಹೊಳ್ಳರ ಚಟ ಈಗ ಗಟ್ಟಿಯವರಿಗೆ ಹತ್ತಿತು,” ಎಂದು ಯಾರೋ ಹಿಂದಿನಿಂದ ನಗಾಡಿದರು.

ಗಟ್ಟಿಯವರು ತಲೆ ಎತ್ತಲಿಲ್ಲ. ಎದುರಿಗಿದ್ದ ಕೃಷ್ಣನಿಗೆ ಮಾತು ಸಿಗುವವರೆಗೂ ಸುಣ್ಣ ಹಚ್ಚುತ್ತಲೇ ಇದ್ದರು.