ಮಾಳವ್ವನ ನಾಲಿಗೆ

ಬಹಳ ಹಿಂದೆ, ಕನ್ನಡಿಗಳಿಗೂ ಹಸಿವಾಗುತ್ತಿದ್ದ ಕಾಲದಲ್ಲಿ, ಮುತ್ತುಗದೂರು ಎಂಬ ರಾಜ್ಯವಿತ್ತು. ಅಲ್ಲಿ ಮಾಳವ್ವ ಎಂಬ ಹುಟ್ಟುಕುರುಡಿ ಇದ್ದಳು. ಅವಳು ನಾಲಿಗೆಯನ್ನು ಅಂಗುಳಿಗೆ ಬಡಿದು ಟಕ್ ಎನ್ನುವಳು. ಆ ಸದ್ದು ಹೋಗಿ, ತಾಗಿ, ಮರಳಿ ಬರುವುದು. ಗೋಡೆಯಿಂದ ಗಟ್ಟಿಯಾಗಿ ಬರುವುದು, ಮರದಿಂದ ಚೂರುಚೂರಾಗಿ ಬರುವುದು, ತೆರೆದ ಬಾಗಿಲಿನಿಂದ ಬರುವುದೇ ಇಲ್ಲ. ಇಷ್ಟರಿಂದಲೇ ಅವಳು ಹೊಳೆಯಿಂದ ನೀರು ತರುವಳು, ಸಂತೆಗೆ ಹೋಗಿ ಬರುವಳು.

ಅವಳಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತಿ ಮನೆಯಲ್ಲಿ ನಾಲಿಗೆ ಟಕ್ ಎಂದರೆ ಮಗುವಿನ ಆಯುಸ್ಸು ಕರಗುತ್ತದೆ ಎಂಬುದು ಆ ರಾಜ್ಯದ ಕಟ್ಟಳೆ. ಅತ್ತೆ ಕಾಳಮ್ಮ ಸೊಸೆಯ ನಾಲಿಗೆಯಡಿ ಹುಣಸೆಬೀಜ ಇಟ್ಟಳು.

"ಐದು ತಿಂಗಳು ಇದು ಬಾಯಲ್ಲೇ ಇರಲಿ. ನಿನ್ನ ಹಲ್ಲಿ ಬುದ್ಧಿ ನನ್ನ ಮೊಮ್ಮಗಳ ಹತ್ತಿರ ಬೇಡ."

"ತೊಟ್ಟಿಲ ಹತ್ತಿರ ಯಾರು ಬಂದರು ಅಂತ ನನಗೆ ಹೇಗೆ ಗೊತ್ತಾಗಬೇಕು ಅತ್ತೆ?"

"ಕಣ್ಣಿರೋ ನಾವಿಲ್ಲವೇನೇ?"

ಮೂರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಕಣ್ಣಿರುವವರೆಲ್ಲ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದರು. ಕನ್ನಡಿಗುಡ್ಡದ ಮಾಂತ್ರಿಕ ಅವರ ನಡುವೆಯೇ ನಡೆದು ಒಳಗೆ ಬಂದು ಮಗುವನ್ನು ಎತ್ತಿಕೊಂಡು ಹೋದ. ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕದ್ದ ಕೂಸುಗಳ ಕಣ್ಣಿನ ಬೆಳಕನ್ನು ಸೂರ್ಯ ಮುಳುಗುವ ಹೊತ್ತಿಗೆ ಹಿಂಡಿ ತನ್ನ ಕನ್ನಡಿಗಳಿಗೆ ಕುಡಿಸುತ್ತಿದ್ದ. ಅವನ ಜುಟ್ಟು ಹಿಡಿದರೆ ಅವನ ಕತೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಎಲ್ಲಿ ನಿಂತಿದ್ದಾನೆ ಎಂದು ಮಾತ್ರ ರಾಜನ ಸೈನ್ಯಕ್ಕೂ ಗೊತ್ತಾಗಿರಲಿಲ್ಲ.

ತೊಟ್ಟಿಲು ಬರಿದಾದದ್ದು ತಿಳಿದು, ಇದು ಮಾಂತ್ರಿಕನದೇ ಕೆಲಸ ಎಂದು ಊರು ಸೇರಿತು. "ಪಾಪ, ಕುರುಡಿ. ಮಗು ಸಾಕೋದು ಇವಳ ಕೈಲಾಗುತ್ತಾ?" ಎಂದರು.

ಮಾಳವ್ವ ಬೀಜವನ್ನು ಥೂ ಎಂದು ಉಗಿದಳು. "ನನ್ನ ಬಾಯಿ ಕಟ್ಟಿದವರು ನೀವು, ಮಗು ಕಳೆದವಳು ನಾನಾ? ನಿಮ್ಮ ಪಾಪಕ್ಕಿಷ್ಟು ಬೆಂಕಿ ಹಾಕ!"

ಸೆರಗು ಸಿಕ್ಕಿಸಿ ಗುಡ್ಡದ ಕಡೆ ನಡೆದೇಬಿಟ್ಟಳು. ಗಂಡ ನಿಂಗಯ್ಯ ಹಿಂದೆಯೇ ಓಡಿದ.

ಮೊದಲು ಒಂದು ಕಮರಿ ಬಂತು.

"ಸೇತುವೆ ಇದೆ ಕಣೇ, ಅಗಲವಾಗಿದೆ, ಬಾ!" ಎಂದು ನಿಂಗಯ್ಯ ಕಾಲೆತ್ತಿದ.

ಟಕ್. ಸದ್ದು ಮರಳಲಿಲ್ಲ. ಮಾಳವ್ವ ಅವನ ಅಂಗಿ ಹಿಡಿದು ಎಳೆದಳು. ಎಡಕ್ಕೆ ತಿರುಗಿ ಟಕ್ ಎಂದಳು. ಅಲ್ಲಿ ಮೊಳದಗಲದ ಕಲ್ಲುಸೇತುವೆ ಉತ್ತರ ಕೊಟ್ಟಿತು.

"ಅಲ್ಲೇನೂ ಕಾಣಿಸ್ತಿಲ್ಲ!"

"ಕಂಡದ್ದನ್ನೆಲ್ಲ ನಂಬಿಯೇ ಕೂಸು ಕಳಕೊಂಡಿದ್ದು. ಕಣ್ಣು ಮುಚ್ಚಿ ನನ್ನ ಸೆರಗು ಹಿಡಕೊ."

ಕಮರಿ ದಾಟಿದರೆ ದಾರಿಗಡ್ಡ ಒಂದು ಹುಲಿ ಗರ್ಜಿಸಿತು. ನಿಂಗಯ್ಯ ಕಣ್ಣು ಬಿಟ್ಟವನೇ ಮರ ಹತ್ತಿದ.

ಟಕ್. ಪ್ರಾಣಿಯ ಮೈಗೆ ತಾಗಿದ ಸದ್ದು ಮೆತ್ತಗೆ ಬರಬೇಕು. ಇದು ಚಪ್ಪಟೆಯಾಗಿ, ಗಡುಸಾಗಿ ಬಂತು. "ಬರೀ ಗಾಜು!" ಎಂದು ಕಲ್ಲೆತ್ತಿ ಬೀಸಿದಳು. ಹುಲಿ ಗರ್ಜನೆಯ ಸಮೇತ ನುಚ್ಚುನೂರಾಯಿತು.

"ಇಳಿಯಪ್ಪಾ ಧೀರ," ಎಂದಳು.

ಕೊನೆಗೆ ಕನ್ನಡಿಯ ಮನೆ. ಹನ್ನೆರಡು ತೊಟ್ಟಿಲು, ಹನ್ನೆರಡು ಅಳು. ಬಿಸಿಲು ಕಿಟಕಿಯಿಂದ ಜಾರುತ್ತಿತ್ತು.

"ಹುಡುಕು ಕುರುಡಿ," ಎಂದು ನಾಲ್ಕೂ ಗೋಡೆ ನಕ್ಕವು.

"ಯಾರೂ ಇಲ್ಲ ಮಾಳಿ," ಎಂದ ನಿಂಗಯ್ಯ.

"ಸುಮ್ಮನಿರು ನೀನು."

ಟಕ್. ಸುತ್ತಲಿಂದ ಗಾಜಿನ ಗಡುಸು ಸದ್ದು. ಮೂರನೆಯ ತೊಟ್ಟಿಲ ಪಕ್ಕ ಮಾತ್ರ ಮೆತ್ತಗೆ, ಬಟ್ಟೆ ಸುತ್ತಿದ ಮೈಯ ಹಾಗೆ, ಆಳೆತ್ತರ. ಅವಳು ಅತ್ತ ನಡೆದಳು. ಟಕ್. ಅದು ಬಲಕ್ಕೆ ಸರಿಯಿತು. ಅವಳೂ ಸರಿದಳು. ಟಕ್. ಅದು ಬಗ್ಗಿತು. ಟಕ್, ಟಕ್, ಟಕ್, ಎಂದು ಅದನ್ನು ಮೂಲೆಗೆ ಅಟ್ಟಿದಳು.

"ನಿನಗೆ ಹೇಗೆ ಕಾಣಿಸ್ತೀನಿ ನಾನು?" ಈ ಸಲ ಮಾತು ಗೋಡೆಗಳಿಂದ ಬರಲಿಲ್ಲ, ಮೂಲೆಯಿಂದ ಬಂತು.

"ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಕಣೋ!" ಎಂದು ಮಾಳವ್ವ ಕೈಚಾಚಿ ಜುಟ್ಟು ಹಿಡಿದು ತಿರುಚಿದಳು. ಮಾಂತ್ರಿಕ ಒಂದು ಹಿಡಿ ಬೂದಿಯಾಗಿ ಉದುರಿದ. ಕನ್ನಡಿಗಳೆಲ್ಲ ಒಡೆದು, ಹಿಂದೆ ಹಿಂಡಿದ್ದ ಬೆಳಕೆಲ್ಲ ಕೂಸುಗಳ ಕಣ್ಣಿಗೆ ಮರಳಿತು. ಅವಳು ತನ್ನ ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡಳು. ಆಗ ಮೊದಲ ಸಲ ಅತ್ತಳು.

ಹನ್ನೆರಡು ಕೂಸುಗಳೂ ಮನೆ ಸೇರಿದವು. ರಾಜ ಸಭೆ ಕರೆದು, "ಮಾಳವ್ವ, ಇನ್ನು ಎಲ್ಲಿ ಬೇಕಾದರೂ ಟಕ್ ಎನ್ನಲು ನಿನಗೆ ಅಪ್ಪಣೆ ಕೊಟ್ಟಿದ್ದೇನೆ," ಎಂದ.

"ನನ್ನ ಬಾಯಲ್ಲಿರೋ ನಾಲಿಗೆಗೆ ನಿಮ್ಮ ಅಪ್ಪಣೆ ಯಾಕೆ ಬುದ್ದಿ? ಆ ಕಟ್ಟಳೆ ತೆಗೆದುಹಾಕಿ, ಅಷ್ಟು ಸಾಕು."

ಕಟ್ಟಳೆ ಹೋಯಿತು. ಮನೆಮನೆಯ ಮೂಲೆಯಲ್ಲಿ ಕೂರಿಸಿದ್ದ ಕುರುಡರು ಒಬ್ಬೊಬ್ಬರಾಗಿ ಅವಳ ಬಾಗಿಲಿಗೆ ಬಂದರು. ಅವಳು ಗದರಿ ಗದರಿ ಎಲ್ಲರಿಗೂ ಕಲಿಸಿದಳು. ಕಾಳಮ್ಮ ಅವರಿಗೆಲ್ಲ ಮಜ್ಜಿಗೆ ಕೊಟ್ಟಳು. ಮುತ್ತುಗದೂರಿನಲ್ಲಿ ಆಮೇಲೆ ಎಲ್ಲರೂ ಸುಖವಾಗಿದ್ದರು. ಪಾಪ ಎಂದವರೂ ಸುಖವಾಗಿಯೇ ಇದ್ದರು, ಮಾಳವ್ವನಿಂದ ದಿನಾ ಬೈಸಿಕೊಂಡು.