ಅವ್ವ ಹೊತ್ತ ಟ್ರಂಕು

"ನನ್ನ ತಾಯಿ ನನ್ನನ್ನು ಮನೆಯಿಂದ ಆಚೆ ತಳ್ಳಿದಳು!"

ಇಂಗ್ಲಿಷಿನಲ್ಲಿ ಬಂದ ಆ ಮಾತು ಕಿವಿಗೆ ಬಿದ್ದದ್ದೇ ತಡ, ಭಾನುಮತಿಯ ಕೈಲಿದ್ದ ಮೈಕು ಬಾಯಿಯ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತು.

ಏನಂದ ಇವನು? ಯಾರನ್ನ ಯಾರು ತಳ್ಳಿದ್ದು?

ಅದು ತೊಂಬತ್ತಾರನೇ ಇಸವಿ. ಗುಂಡ್ಲುಪೇಟೆಯಲ್ಲಿ ಶಾಮಿಯಾನದ ಕೆಳಗೆ ಕ್ರೈಸ್ತರ ಸುವಾರ್ತೆ ಕೂಟ. ಮಾತಾಡುತ್ತಿದ್ದವನು ಮಾದೇಶ. ಪಕ್ಕದ ಹಂಗಳದ ಹುಡುಗ. ಸಿಂಗಾಪುರದ ಮಿಶನ್ ಶಾಲೆಯೊಂದರಲ್ಲಿ ಮೂರು ವರ್ಷ ಬೋಧಕನ ತರಬೇತಿ ಪಡೆದು ಈಗಷ್ಟೇ ಬಂದಿದ್ದ. ಅವನ ಇಂಗ್ಲಿಷನ್ನು ಸಾಲುಸಾಲಾಗಿ ಕನ್ನಡಕ್ಕೆ ಹೇಳುತ್ತಾ ಪಕ್ಕದಲ್ಲಿ ನಿಂತವಳು ಭಾನುಮತಿ, ಊರಿನ ಚರ್ಚಿನ ಹಳೆಯ ಉಪದೇಶಿ ಸಮಾಧಾನಯ್ಯನವರ ಮಗಳು, ಕಾನ್ವೆಂಟ್ ಟೀಚರು.

ಹಂಗಳದ ಹುಡುಗ ಗುಂಡ್ಲುಪೇಟೆ ಜನಕ್ಕೆ ಇಂಗ್ಲಿಷಿನಲ್ಲಿ ಹೇಳಬೇಕು, ಅದನ್ನು ಗುಂಡ್ಲುಪೇಟೆ ಹುಡುಗಿ ಕನ್ನಡ ಮಾಡಬೇಕು! ನಗಬೇಕೋ ಅಳಬೇಕೋ ನೀವೇ ಹೇಳಿ. ಕಾರಣ ಎದುರಿಗೇ ಸೋಫಾದಲ್ಲಿ ಕೂತಿತ್ತು. ಮಿಶನ್ ಶಾಲೆಯ ಪರದೇಶಿ ಡೈರೆಕ್ಟರ್ ದೊರೆ ವಿಡಿಯೊ ಕ್ಯಾಮೆರಾದವನನ್ನು ಕರೆದುಕೊಂಡೇ ಬಂದಿದ್ದರು. ಈ ವಿಡಿಯೊ ಪರದೇಶದ ಚರ್ಚುಗಳಲ್ಲಿ ಓಡಬೇಕಿತ್ತು. ಅಲ್ಲಿಯವರಿಗೆ ಅರ್ಥವಾಗಬೇಕಲ್ಲ!

ಸೋಫಾದ ಪಕ್ಕ, ಜಮಖಾನದ ಮೇಲೆ ಮಲ್ಲಾಜಮ್ಮ ಕೂತಿದ್ದಳು. ಮಾದೇಶನ ಅವ್ವ. ಈರುಳ್ಳಿ ಮಂಡಿಯಲ್ಲಿ ಕೂಲಿ. ಮಡಿಕೆ ಬಿಡದ ಹೊಸ ಸೀರೆ, ಹಣೆಯ ತುಂಬ ಕುಂಕುಮ. ಇಂಗ್ಲಿಷಿನ ಒಂದಕ್ಷರ ಬಾರದ ಆ ಹೆಂಗಸು ಮಗನ ಬಾಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಹೇಳಿ... ಕಾಯ್ತಿದ್ದಾರೆ," ಮಾದೇಶ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ.

ಭಾನು ಅವನನ್ನೊಮ್ಮೆ ಉರಿಯುವ ಕಣ್ಣಿಂದ ನೋಡಿದಳು. ಆಮೇಲೆ ಮೈಕಿಗೆ ಹೇಳಿದಳು.

"ನಾನು ಓದೋದಕ್ಕೆ ಹೊರಟ ದಿನ ಬಸ್ಸು ಕೆಟ್ಟುಹೋಗಿತ್ತು. ನನ್ನ ಅವ್ವ ನನ್ನ ಟ್ರಂಕನ್ನ ತಲೆ ಮೇಲೆ ಹೊತ್ತುಕೊಂಡು ಹಂಗಳದಿಂದ ಗುಂಡ್ಲುಪೇಟೆವರೆಗೂ ನಡೆದುಬಂದಳು!"

ಚಪ್ಪಾಳೆ! ಮಾದೇಶನ ಮುಖ ಬಿಳುಚಿಕೊಂಡಿತು. ಆದರೂ ಬಾಯಿಪಾಠದ ಮುಂದಿನ ಸಾಲು ತಾನಾಗಿ ಬಂತು. 'ಬೇರೆ ದೇವರನ್ನು ನಂಬಿದ ನೀನು ನನ್ನ ಪಾಲಿಗೆ ಸತ್ತೆ ಎಂದಳು.'

"ನೀನು ಚೆನ್ನಾಗಿ ಬಾಳು ಮಗನೇ ಅಂದಳು!" ಎಂದಳು ಭಾನು.

ಮಲ್ಲಾಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಗಳಗಳನೆ ಅತ್ತಳು. ಸಂತೋಷಕ್ಕೆ ಅತ್ತಳು. ಡೈರೆಕ್ಟರ್ ದೊರೆಗೆ ಅದು ಪಶ್ಚಾತ್ತಾಪವಾಗಿ ಕಂಡಿತು. ಅವರು ಬೆರಳು ತೋರಿಸಿದ್ದೇ ಕ್ಯಾಮೆರಾದವನು ಓಡಿಬಂದು ಆ ತಾಯಿಯ ಕಣ್ಣೀರಿಗೆ ಕ್ಯಾಮೆರಾ ಹಿಡಿದ. ಭಾನುವಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು.

ಮಾದೇಶನ ಇದೇ ದನಿಗಾಗಿ ತಾನೇ ಅವಳು ಮೂರು ವರ್ಷ ಕಾದದ್ದು?

ಮಲ್ಲಾಜಮ್ಮನಿಗೆ ಓದು ಬಾರದು. ಅದಕ್ಕೇ ಮಾದೇಶ ಸಿಂಗಾಪುರದಿಂದ ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ ಕಳಿಸುತ್ತಿದ್ದ. ಟೇಪ್ ರೆಕಾರ್ಡರ್ ಇದ್ದದ್ದು ಉಪದೇಶಿಗಳ ಮನೆಯಲ್ಲಿ. ಮಂಡಿ ಕೆಲಸ ಮುಗಿಸಿದ ಮಲ್ಲಾಜಮ್ಮ ಅಲ್ಲಿಗೇ ಬಂದು ಕೂರುತ್ತಿದ್ದಳು.

"ಅವ್ವ... ಉಂಡ್ಯಾ?"

ಪ್ರತಿ ಕ್ಯಾಸೆಟ್ಟೂ ಶುರುವಾಗುತ್ತಿದ್ದದ್ದು ಹಾಗೆ. ಆ ಎರಡು ಮಾತಿಗೇ ಭಾನುವಿನ ಎದೆ ಝುಮ್ಮೆನ್ನುತ್ತಿತ್ತು. ಎಂಥಾ ಮಗ! ಇಂಥವನು ಕಟ್ಟಿಕೊಂಡವಳನ್ನು ಹೇಗೆ ನೋಡಿಕೊಳ್ಳಬಹುದು...

ಮಲ್ಲಾಜಮ್ಮನ ಉತ್ತರವನ್ನು ತುಂಬಿಸಲು ಗುಂಡಿ ಒತ್ತುತ್ತಿದ್ದವಳೂ ಭಾನುವೇ. ಮಲ್ಲಾಜಮ್ಮ ಕಿವುಡರ ಜೊತೆ ಮಾತಾಡಿದಂತೆ ಟೇಪ್ ರೆಕಾರ್ಡರಿಗೆ ಕೂಗುತ್ತಿದ್ದಳು. "ಲೋ ಮಾದ, ಅಲ್ಲಿ ಮುದ್ದೆ ಸಿಕ್ತದಾ?" ಒಂದು ಸಲ ಭಾನು ತಡೆಯಲಾರದೆ ನಕ್ಕುಬಿಟ್ಟಳು. ಆ ನಗುವೂ ಕ್ಯಾಸೆಟ್ಟಿನಲ್ಲಿ ಸಮುದ್ರ ದಾಟಿತು.

ಮುಂದಿನ ಕ್ಯಾಸೆಟ್ಟಿನಲ್ಲಿ ಅವನು ಕೇಳಿದ್ದ. "ಅವ್ವ, ಅಲ್ಲಿ ನಕ್ಕೋರು ಯಾರು?"

ಭಾನು ಅದಕ್ಕೆ ಉತ್ತರ ಕೊಡಲಿಲ್ಲ. ಆದರೆ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಆ ಪ್ರಶ್ನೆಯನ್ನೇ ಕೇಳಿಸಿಕೊಂಡಿದ್ದಳು.

ಈಗ ನೋಡಿದರೆ, ಅದೇ ದನಿ, ಅದೇ ಅವ್ವನ ಮೇಲೆ ಇಂಥ ಹಸಿ ಸುಳ್ಳು!

ಕೂಟ ಮುಗಿದದ್ದೇ ಶಾಮಿಯಾನದ ಹಿಂದೆ, ನೀರಿನ ಡ್ರಮ್ಮಿನ ಹತ್ತಿರ ಅವನನ್ನು ಹಿಡಿದಳು.

"ನಿಲ್ಲಿ! ನಾಚಿಕೆ ಆಗಲ್ವಾ ನಿಮಗೆ?"

"ನಾನು ಹೇಳಿದ್ದನ್ನ ನೀವು ಹೇಳಲಿಲ್ಲ," ಎಂದ ಮಾದೇಶ.

"ನೀವು ನಡೆದದ್ದನ್ನ ಹೇಳಲಿಲ್ಲ! ಅವತ್ತು ಆ ಟ್ರಂಕು ಇಳಿಸಿಕೊಂಡದ್ದು ನಮ್ಮಪ್ಪ. ಮಲ್ಲಾಜಮ್ಮನ ನೆತ್ತಿ ಕಂದಿತ್ತಂತೆ. ಆ ಅವ್ವ ನಿಮ್ಮನ್ನ ತಳ್ಳಿದ್ದಾ?"

ಅವನು ತಲೆ ತಗ್ಗಿಸಿದ. "ಅಲ್ಲಿ ಸಾಕ್ಷಿ ಹೇಳೋದಕ್ಕೇ ಒಂದು ಕ್ಲಾಸು. ದೇವರು ನಮ್ಮ ಬಾಳನ್ನ ಹೇಗೆ ಬದಲಾಯಿಸಿದ ಅಂತ ಹೇಳಬೇಕು. ಮೊದಲು ಕತ್ತಲು, ಆಮೇಲೆ ಬೆಳಕು... ನಾನು ಟ್ರಂಕಿನ ಕಥೇನೇ ಹೇಳ್ದೆ. ಇದರಲ್ಲಿ ಕತ್ತಲೆಲ್ಲಿದೆ, ಕೇಳಿದವರು ಅಳೋದಿಲ್ಲ ಅಂದ್ರು ಮೇಷ್ಟ್ರು. ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗನ್ನ ನಿಜವಾಗ್ಲೂ ಅವರಪ್ಪ ಹೊಡೆದು ಓಡಿಸಿದ್ದ. ಅವನು ಅದನ್ನ ಹೇಳಿದಾಗ ಎಲ್ಲರೂ ಎದ್ದು ನಿಂತು ಅವನನ್ನ ತಬ್ಬಿಕೊಂಡ್ರು. ಆಮೇಲೆ ಒಂದು ದಿನ ನಾನೂ... ಹೇಳ್ಬಿಟ್ಟೆ. ಪ್ರತಿ ಭಾನುವಾರ ಅದನ್ನೇ ಹೇಳಿಸಿದ್ರು."

"ಕತ್ತಲು ಬೇಕಾಗಿತ್ತು ಅಂತ ಹೆತ್ತವಳ ಮುಖಕ್ಕೆ ಮಸಿ ಬಳಿದ್ರಾ?"

ಅವನು ಸರಕ್ಕನೆ ತಲೆಯೆತ್ತಿದ. ಆ ದನಿಗೇ ಕಿವಿಗೊಟ್ಟವನಂತೆ ನಿಂತ.

"ನೀವು... ಕ್ಯಾಸೆಟ್ಟಲ್ಲಿ ನಕ್ಕವರು ನೀವೇ ಅಲ್ವಾ?"

ಎಷ್ಟು ದಿನ ಈ ಮಾತಿಗೆ ಕಾದಿದ್ದಳು! ಹಾಳಾದದ್ದು, ಬರುವುದು ಬಂತು, ಇವತ್ತೇ ಬರಬೇಕಿತ್ತೇ?

"ಹೌದು. ಅದನ್ನ ಮರೆತುಬಿಡಿ," ಎಂದಳು.

ಅಷ್ಟರಲ್ಲಿ ಮಲ್ಲಾಜಮ್ಮ ಬಂದು ಮಗನ ಕೆನ್ನೆ ನೇವರಿಸಿ ಲಟಿಕೆ ಮುರಿದಳು. "ಎಷ್ಟ್ ಚೆಂದಾಗ್ ಏಳ್ದೆ ಕಣ್ಲಾ! ಆ ಟ್ರಂಕಿನ್ ಇಸ್ಯ ಇನ್ನೂ ಗ್ಯಾನ ಮಡಿಕಂಡಿದ್ದೀಯಲ್ಲ ನನ್ ಕಂದ!"

ಅವಳ ಹಿಂದೆಯೇ ಡೈರೆಕ್ಟರ್ ದೊರೆಯೂ ನಗುನಗುತ್ತಾ ಬಂದರು. ಭಾನುವಿಗೆ ಇಂಗ್ಲಿಷಿನಲ್ಲಿ ಹೇಳಿದರು. ತಾಯಿಯ ಕಣ್ಣೀರು ಅದ್ಭುತವಾಗಿತ್ತಂತೆ. ನಾಳೆ ಚಾಮರಾಜನಗರದ ಕೂಟದಲ್ಲಿ ಆ ತಾಯಿ ವೇದಿಕೆ ಹತ್ತಿ, ಮನೆಯಿಂದ ತಳ್ಳಿದ್ದಕ್ಕೆ ಮಗನ ಕ್ಷಮೆ ಕೇಳಬೇಕಂತೆ. ಆ ಚಿತ್ರ ಸಿಕ್ಕರೆ ಸಾಕು, ಮಾದೇಶನ ಮುಂದಿನ ತರಬೇತಿ ಖಂಡಿತವಂತೆ.

ಭಾನು ಮಾದೇಶನ ಕಡೆ ನೋಡಿದಳು. ಹೇಳು, ಈಗಲಾದರೂ ಬಾಯಿಬಿಟ್ಟು ಹೇಳು! ಅವನು ಚಪ್ಪಲಿಯ ತುದಿಯನ್ನು ನೋಡುತ್ತಾ ನಿಂತಿದ್ದ.

"ಏನಂದ್ರವ್ವ ದೊರೆ?" ಮಲ್ಲಾಜಮ್ಮ ಕೇಳಿದಳು.

"ನಾಳೆ ಚಾಮರಾಜನಗರಕ್ಕೆ ನೀವೂ ಬರಬೇಕಂತೆ ಅವ್ವ." ಅಷ್ಟು ಹೇಳಿ ಭಾನು ಅಲ್ಲಿಂದ ಹೊರಟುಬಿಟ್ಟಳು.

ಮನೆಗೆ ಬಂದವಳು ಚೀಲವನ್ನು ಮೂಲೆಗೆಸೆದಳು. "ಅಪ್ಪಾ, ನಾನು ನಾಳೆ ಹೋಗೋದಿಲ್ಲ. ಅವನ ಮುಖ ನೋಡೋದಿಲ್ಲ!"

ಸಮಾಧಾನಯ್ಯ ಎಲ್ಲವನ್ನೂ ಕೇಳಿಸಿಕೊಂಡರು. ಹೆಸರಿಗೆ ತಕ್ಕ ಮನುಷ್ಯ, ಆದರೆ ಅವತ್ತು ಅವರ ದನಿಯೂ ನಡುಗಿತು. "ಇಷ್ಟು ವರ್ಷ ಸೈಕಲ್ ತುಳಿದು ಸುವಾರ್ತೆ ಹೇಳಿದೀನಿ ಮಗಾ. ಯಾರ ಅವ್ವನ ಮಾನಾನೂ ಕಳೆದು ಹೇಳಿಲ್ಲ. ನೀನು ಹೋಗದಿದ್ರೆ ಇನ್ಯಾರೋ ಹೋಗ್ತಾರೆ. ಅವರು ಅಂದದ್ದನ್ನ ಅಂದಹಾಗೇ ಕನ್ನಡಕ್ಕೆ ಹೇಳ್ತಾರೆ. ಆಗ ಮಲ್ಲಾಜಮ್ಮನ ಗತಿ?"

ಭಾನು ಹೋದಳು. ಅಪ್ಪನೂ ಜೊತೆಗೆ ಬಂದರು.

ಚಾಮರಾಜನಗರದಲ್ಲಿ ಜನ ಕಿಕ್ಕಿರಿದಿದ್ದರು. ಡೈರೆಕ್ಟರ್ ದೊರೆ ತಾವೇ ಕೈಹಿಡಿದು ಮಲ್ಲಾಜಮ್ಮನನ್ನು ವೇದಿಕೆಗೆ ಹತ್ತಿಸಿದರು. ಅವಳೋ ಮಗನಿಗೆ ಮಾಡುವ ಸನ್ಮಾನವೆಂದುಕೊಂಡು ಸೆರಗು ಸರಿಮಾಡಿಕೊಂಡಳು. ದೊರೆ ಮೈಕು ಹಿಡಿದು, ಈ ತಾಯಿ ತನ್ನ ಕ್ರೂರತನಕ್ಕಾಗಿ ಈಗ ಮಗನ ಕ್ಷಮೆ ಬೇಡುತ್ತಾಳೆ ಎಂದು ಇಂಗ್ಲಿಷಿನಲ್ಲಿ ಸಾರಿದರು. ಆಮೇಲೆ ಭಾನುವಿನ ಕಡೆ ಕೈ ತೋರಿಸಿದರು.

"ನಾನು ಹೇಳೋದಿಲ್ಲ!"

ಮೈಕಿನಲ್ಲಿ ಅದು ಮೈದಾನಕ್ಕೆಲ್ಲ ಕೇಳಿಸಿತು. ದೊರೆಗೂ ತಿಳಿಯಲೆಂದು ಇಂಗ್ಲಿಷಿನಲ್ಲೂ ಅದನ್ನೇ ಹೇಳಿದಳು. "ಇಂಥಾ ಮಾತನ್ನ ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗುತ್ತೆ!"

ಜನ ಗುಸುಗುಸು ಎಂದರು. ದೊರೆಯ ಮುಖ ಕೆಂಪಾಯಿತು. ಮಲ್ಲಾಜಮ್ಮ ಕಂಗಾಲಾಗಿ ಅತ್ತಿತ್ತ ನೋಡಿದಳು. "ಯಾಕ್ ಭಾನವ್ವ? ನನ್ನಿಂದೇನಾರ ತಪ್ಪಾಯ್ತಾ?"

ಆ ಮಾತು ಮಾದೇಶನಿಗೆ ಚಾಟಿಯಲ್ಲಿ ಬಾರಿಸಿದಂತಾಯಿತು. ಅವನು ಭಾನುವಿನ ಮುಂದೆ ಬಂದು ನಿಂತ.

"ಇವತ್ತು ನಾನು ಕನ್ನಡದಲ್ಲಿ ಮಾತಾಡ್ತೀನಿ. ನೀವು ಅವರಿಗೆ ಇಂಗ್ಲಿಷಲ್ಲಿ ಹೇಳ್ತೀರಾ? ಒಂದಕ್ಷರಾನೂ ಬದಲಾಯಿಸ್ಬೇಡಿ."

ಭಾನು ತಲೆಯಾಡಿಸಿದಳು.

"ಅವ್ವ..." ಕ್ಯಾಸೆಟ್ಟಿನ ಅದೇ ದನಿ! "ನಾನು ಪರದೇಸ್ದಲ್ಲಿ ನಿನ್ ಮ್ಯಾಲೆ ಸುಳ್ಳೇಳ್ದೆ ಕಣವ್ವ. ನನ್ನ ಮನೆಯಿಂದ ತಳ್ಳುಬುಟ್ಲು ಅಂದೆ. ನೀ ನನ್ ಪಾಲ್ಗೆ ಸತ್ತೆ ಅಂದ್ಲು ಅಂದೆ. ನಿನ್ನೆ ಕೂಟದಲ್ಲೂ ಅದ್ನೇ ಅಂದೆ. ಟ್ರಂಕಿನ್ ಮಾತು ನಂದಲ್ಲ, ಈಯಮ್ಮಂದು. ನಿನ್ ಮನ್ಸು ನೋಯ್ಬಾರ್ದು ಅಂತ ಇವ್ರೇ ಏಳುದ್ರು. ತಪ್ಪು ನಂದು."

ಭಾನು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಹೇಳಿದಳು. ತನ್ನ ಬಗ್ಗೆ ಅಂದದ್ದನ್ನು ಹೇಳುವಾಗ ಮಾತ್ರ ಮೈಕನ್ನು ಸ್ವಲ್ಪ ದೂರ ಹಿಡಿದಳು.

ಮಲ್ಲಾಜಮ್ಮ ಮಗನನ್ನೇ ನೋಡಿದಳು. "ಅಂಗಂತ ಊರೂರಲ್ಲೂ ಏಳ್ಕಂಡ್ ಬಂದ್ಯಾ?"

"ಏಳ್ದೆ ಅವ್ವ."

ರಪ್ಪನೆ ಕೆನ್ನೆಗೆ ಬಿತ್ತು! ಹೊಡೆದ ಕೈಯಲ್ಲೇ ಅವನ ತಲೆಯನ್ನು ಎದೆಗೊತ್ತಿಕೊಂಡು ಮಲ್ಲಾಜಮ್ಮ ಹೋ ಎಂದು ಅತ್ತಳು. ಆಮೇಲೆ ಮೈಕು ಕಿತ್ತುಕೊಂಡು, ಟೇಪ್ ರೆಕಾರ್ಡರಿಗೆ ಕೂಗುತ್ತಿದ್ದಂತೆಯೇ ಕೂಗಿದಳು.

"ದೊರೆ, ಕೇಳುಸ್ಕಳಿ! ನನ್ ಮಗನ್ನ ಯಾರೂ ಓಡುಸ್ನಿಲ್ಲ. ನಾನೇ ಓದ್ಲಿ ಅಂತ ಕಳುಸ್ದೆ. ಯಾವ್ ದೇವ್ರಿಗಾರ ಕೈ ಮುಗಿ, ಒತ್ತೊತ್ಗೆ ಉಣ್ಣು ಅಂತ ಕಳುಸ್ದೆ. ಒಳ್ಳೆ ಮಗನ್ನ ಕಳುಸುದ್ರೆ ಸುಳ್ಳುಗಾರನ್ ಮಾಡ್ಬುಟ್ರಲ್ಲ! ತಪ್ಪಾಯ್ತು ಅನ್ಬೇಕಾದೋರು ನೀವು! ಏಳವ್ವ ಭಾನು, ಎಲ್ಲಾನೂ ಏಳು!"

ಭಾನು ಎಲ್ಲವನ್ನೂ ಹೇಳಿದಳು. ಆ ಸಿಟ್ಟನ್ನೂ ಸೇರಿಸಿ ಹೇಳಿದಳು!

ಕ್ಯಾಮೆರಾ ನಿಂತಿತು. ದೊರೆ ವೇದಿಕೆ ಇಳಿಯುವಾಗ, ಇನ್ನು ನೀನು ಸಿಂಗಾಪುರಕ್ಕೆ ಬರಬೇಕಾಗಿಲ್ಲ ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಸಮಾಧಾನಯ್ಯ ಮಾದೇಶನ ಹೆಗಲ ಮೇಲೆ ಕೈಯಿಟ್ಟರು. "ನನ್ನ ಸೈಕಲ್ ಇದೆ ಕಣಪ್ಪಾ. ನನಗೂ ಮಂಡಿ ನೋವು. ಸುವಾರ್ತೆ ಹೇಳೋದಕ್ಕೆ ಇನ್ನು ನೀನು ತುಳಿ."

ಸಂಜೆಯ ಬಸ್ಸಿನಲ್ಲಿ ಸಮಾಧಾನಯ್ಯ ಮುಂದಿನ ಸೀಟಿನಲ್ಲಿದ್ದರು. ಕಿಟಕಿಗೊರಗಿ ಮಲ್ಲಾಜಮ್ಮ ಕಣ್ಣು ಮುಚ್ಚಿದ್ದಳು. ಪಕ್ಕದಲ್ಲಿ ಭಾನು. ಕಂಬಿ ಹಿಡಿದು ನಿಂತ ಮಾದೇಶನ ಕೆನ್ನೆ ಇನ್ನೂ ಕೆಂಪಗಿತ್ತು.

ತೆರಕಣಾಂಬಿ ದಾಟಿತು.

"ಇನ್ನೂ ಕೋಪಾನಾ?" ಮೆಲ್ಲನೆ ಕೇಳಿದ.

"ಹೌದು."

"ಕೋಪ ಇರಲಿ. ಇನ್ನೊಂದು ಮಾತು ಕೇಳ್ಲಾ?"

ಅವ್ವನ ಕಡೆ ಒಮ್ಮೆ ನೋಡಿ, ಅಳುಕುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದ. ಭಾನುವಿನ ಕಿವಿಯ ತುದಿಯವರೆಗೂ ಕೆಂಪೇರಿತು.

ಮಲ್ಲಾಜಮ್ಮ ಪಟ್ಟನೆ ಕಣ್ಣು ಬಿಟ್ಟಳು. "ಏನದು? ಮತ್ತೇನ್ ಸುಳ್ಳೇಳ್ದ ಇವ್ನು? ಕನ್ನಡದಲ್ಲಿ ಏಳು ಭಾನವ್ವ!"

"ಹೇಳಿ. ಒಂದಕ್ಷರಾನೂ ಬದಲಾಯಿಸ್ಬೇಡಿ," ಎಂದ ಮಾದೇಶ.

ಭಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಇಲ್ಲೇ ಇರ್ತೀನಿ... ಸೈಕಲ್ ಒಂದೇ ನನ್ನ ಆಸ್ತಿ... ನನ್ನನ್ನ ಮದುವೆ ಆಗ್ತೀರಾ ಅಂತ ಕೇಳ್ತಿದ್ದಾರೆ ಅವ್ವ."

"ಅದ್ಕೆ ನೀ ಏನಂದೆ?"

"ಇನ್ನೂ ಏನೂ ಅಂದಿಲ್ಲ."

"ಅಂದ್ಬುಡು ಮತ್ತೆ! ಊರು ಬತ್ತಾ ಅದೆ!"

ಭಾನು ತಡೆಯಲಾರದೆ ನಕ್ಕುಬಿಟ್ಟಳು. ಸಮುದ್ರ ದಾಟಿ ಹೋಗಿದ್ದ ಅದೇ ನಗು. ಮಾದೇಶನ ಕಣ್ಣು ತುಂಬಿಬಂತು.

"ಒಂದು ಮಾತು," ಎಂದಳು ಭಾನು ಅವನನ್ನು ನೇರವಾಗಿ ನೋಡಿ. "ಅವ್ವನ್ನ ದಿನಾ ಕೇಳಬೇಕು. ಕ್ಯಾಸೆಟ್ಟಲ್ಲಿ ಕೇಳ್ತಿದ್ರಲ್ಲ, ಹಾಗೆ. ಎದುರಿಗೆ ಕೂತು."

"ಕೇಳ್ತೀನಿ. ನಿನ್ನನ್ನೂ ಕೇಳ್ತೀನಿ." ಅವನು ಸ್ವಲ್ಪ ಬಾಗಿದ. "ಉಂಡ್ಯಾ, ಭಾನು?"

"ಇನ್ನೂ ಇಲ್ಲ... ಮನೆಗ್ ಹೋಗನ ಬನ್ನಿ. ಎಲ್ಲಾರೂ ಒಟ್ಟಿಗೆ ಉಣ್ಣನ."